ಮೊದಲ ಸ್ಥಾನಕ್ಕೆ ಬಿದ್ದ ದೃಷ್ಟಿ

ಹೆದರಿ ಮುದುಡಿ ಕೂತವನ ಮನೆಗೇ ನಗೆಪಾಟಲಿನ ಪ್ರಸಂಗಗಳು ವಿಳಾಸ ಕೇಳಿಕೊಂಡು ಬರುತ್ತವೆ. ಕೊರೋನಾ ಕಾಲದಲ್ಲಿ ನೆದರ್ಲೆಂಡ್ಸಿನ ಡೀಮೆನ್‌ನ ನಮ್ಮ ಫ್ಲ್ಯಾಟಿನಲ್ಲಿ ನಾನು ಹೆದರದ ದಿನವಿರಲಿಲ್ಲ. ಊರಿಂದ ಫೋನ್ ಬಂದರೆ ಹೆದರಿಕೆ, ಬರದಿದ್ದರೆ ಇನ್ನೂ ಹೆದರಿಕೆ. ಮನೆಯಲ್ಲಿ ನಾವು ಮೂವರು: ನಾನು, ನನ್ನ ಹೆಂಡತಿ, ಮತ್ತು ಮಗಳನ್ನು ನೋಡಿಕೊಂಡು ಹೋಗಲು ಧಾರವಾಡದಿಂದ ಬಂದು, ವಿಮಾನಗಳು ನಿಂತು ಇಲ್ಲೇ ಸಿಕ್ಕಿಬಿದ್ದ ನಮ್ಮತ್ತೆ. ಹೆಂಡತಿಗೆ ಚಿಕ್ಕಂದಿನಿಂದ ಉಬ್ಬಸ. ಆ ರೋಗ ಅವಳಿಗೆ ಅಂಟಿದರೆ ಏನು ಗತಿ ಎನ್ನುವುದೊಂದೇ ನನ್ನ ತಲೆಯಲ್ಲಿ.

ಸೀನಿಯರ್

ಶುಕ್ರವಾರ ಸಂಜೆ ಗೆಳೆಯರ ವಿಡಿಯೋ ಕಾಲ್. ನ್ಯೂವೆಗೈನ್‌ನಲ್ಲಿ ಕೆಲಸಕ್ಕಿದ್ದ ದಾವಣಗೆರೆಯವ, ಗ್ರೋನಿಂಗನ್‌ನಲ್ಲಿ ಪಿಎಚ್‌ಡಿ ಮಾಡುತ್ತಿದ್ದ ಮೈಸೂರಿನವ, ಜೊತೆಗೆ ನಾವಿಬ್ಬರು. ಎಲ್ಲರಿಗೂ ಬ್ಯಾಸ್ಕೆಟ್‌ಬಾಲ್ ಹುಚ್ಚು. ಸಾವಿನ ಸುದ್ದಿ ಕೇಳಿ ಕೇಳಿ ಸಾಕಾಗಿ ಒಂದು ಆಟ ಹೂಡಿದೆವು. ಕಳೆದ ದಶಕದಲ್ಲಿ ನಮ್ಮ ನಮ್ಮ ಕಾಲೇಜುಗಳಲ್ಲಿ ಆಡಿದವರ ಪೈಕಿ ಶ್ರೇಷ್ಠರು ಯಾರು? ಕಾಲೇಜಿಗೆ ಒಬ್ಬರನ್ನು ಆರಿಸಬೇಕು, ಆಮೇಲೆ ಅವರಲ್ಲಿ ಮೊದಲು ಯಾರು, ಕೊನೆಗೆ ಯಾರು ಅಂತ ತೀರ್ಮಾನಿಸಬೇಕು.

ಗಂಟಲು ಹರಿಯುವಷ್ಟು ಜಗಳವಾಡಿ ದಾವಣಗೆರೆಯವ ತನ್ನ ಸೀನಿಯರ್‌ಗೆ ಮೊದಲ ಸ್ಥಾನ ಗಿಟ್ಟಿಸಿಕೊಂಡ. ಮುಂದಿನ ವಾರ ಪರದೆಯ ಮೇಲೆ ಅವನ ಮುಖ ಬಾಡಿತ್ತು.

"ಸೀನಿಯರ್‌ಗೆ ಪಾಸಿಟಿವ್ ಕಣ್ರೋ. ಆಸ್ಪತ್ರೆಗೆ ಸೇರಿಸಿದಾರೆ."

ನಾನು ಎದ್ದು ಹೋಗಿ ಇನ್ನೊಮ್ಮೆ ಕೈ ತೊಳೆದುಕೊಂಡು ಬಂದೆ. ತನ್ನ ಕಾಲೇಜಿಗೆ ತನ್ನನ್ನೇ ಆರಿಸಿಕೊಂಡಿದ್ದ ಮೈಸೂರಿನವ ಮಾತ್ರ ಮುಂದೆ ಬಂದ.

"ಪಾಪ, ರೆಸ್ಟ್ ತಗೊಳ್ಳಿ ಅವ್ರು. ಅಲ್ಲೀವರೆಗೂ ಮೊದಲ ಸ್ಥಾನ ನಂಗೆ ಕೊಡಿ."

ರಾಜೀನಾಮೆ

ಕೊಟ್ಟೆವು. ಮರುದಿನವೇ ಅವನಿಗೆ ಜ್ವರ. ಗ್ರೋನಿಂಗನ್‌ನ ಆ ಚಿಕ್ಕ ಕೋಣೆಯಲ್ಲಿ ಒಬ್ಬನೇ ಇದ್ದ ಹುಡುಗ. ನಾನು ದಿನವಿಡೀ ಫೋನ್ ಮಾಡಿದೆ. ಅವನು ಎತ್ತುವುದು ಸ್ವಲ್ಪ ತಡವಾದರೂ ನನ್ನ ಜೀವ ಬಾಯಿಗೆ ಬರುತ್ತಿತ್ತು.

ಕೊನೆಗೆ ಅವನೇ ಅಂದ: "ಗುರೂ, ಮೊದ್ಲು ನನ್ನ ಆ ಸ್ಥಾನದಿಂದ ಇಳಿಸಿ. ನಾನು ಟೀಮಲ್ಲೇ ಇರ್ಲಿಲ್ಲ ಅನ್ಕೊಳ್ಳಿ. ನೀರಿನ ಬಾಟಲಿ ಹಿಡ್ಕೊಂಡು ಬೆಂಚಲ್ಲಿ ಕೂತಿದ್ದೆ."

"ಫೈನಲ್‌ನಲ್ಲಿ ಗೆಲ್ಲಿಸಿದ ಬ್ಯಾಸ್ಕೆಟ್ ನಂದೇ ಅಂತ ಕೂಗಾಡ್ತಿದ್ಯಲ್ಲೋ?"

"ಅದು ಬಾಲ್ ನನ್ ತಲೆಗೆ ತಗಲಿ ತಾನಾಗೇ ಒಳಗೆ ಹೋಗಿದ್ದು."

ಎಡಗೈ

ಸೀನಿಯರ್ ಗುಣವಾಗಿ ಮನೆಗೆ ಬಂದರು, ಮೈಸೂರಿನವನ ಜ್ವರವೂ ಇಳಿಯಿತು. ಆದರೆ ಮೊದಲ ಸ್ಥಾನ ಖಾಲಿ ಉಳಿಯಿತು. ನನ್ನ ಕಾಲೇಜಿನಲ್ಲಿ ಟೀಮೇ ಇರಲಿಲ್ಲ; ಉಳಿದದ್ದು ಧಾರವಾಡದ ಕಾಲೇಜು, ಅಂದರೆ ನನ್ನ ಹೆಂಡತಿ. ಅವಳು ಹುಡುಗಿಯರ ಟೀಮಿನ ಕ್ಯಾಪ್ಟನ್ ಆಗಿದ್ದವಳು. ಅವಳು ಪಕ್ಕದಲ್ಲೇ ಕೂತಿದ್ದರೂ ನಾನು ಬಾಯಿ ಹಾಕಿದೆ.

"ಇವಳು ಬೇಡ. ಎಡಗೈ ಆಡೋದೇ ಇಲ್ಲ ಇವಳಿಗೆ. ಓಡೋದೂ ನಿಧಾನ."

"ನೀ ಯಾವಾಗ ನೋಡಿದಿ ನನ್ನ ಮ್ಯಾಚು?" ಅಂದಳು.

"ನೋಡಿಲ್ಲ. ಆದ್ರೂ ಗೊತ್ತು."

ಅವಳ ಕಣ್ಣು ತುಂಬಿತು. "ಹುಡುಗರ ಟೀಮ್ ಆಡಿ ಬಿಟ್ಟ ಮ್ಯಾಲೆ ನಮಗ ಗ್ರೌಂಡ್ ಕೊಡ್ತಿದ್ರು. ಒಂದು ಮ್ಯಾಚ್ ನೋಡಾಕ ಯಾರೂ ಬರ್ತಿದ್ದಿಲ್ಲ. ಈಗ ನೀನೂ ಈ ಸ್ಥಾನ ಕೊಡಬ್ಯಾಡ."

ನಿನ್ನನ್ನು ಕಳೆದುಕೊಳ್ಳುವ ಭಯ ಕಣೇ ಅಂತ ಎಲ್ಲರೆದುರು ಹೇಳುವುದು ಹೇಗೆ? ಅಷ್ಟರಲ್ಲಿ ಗೆಳೆಯರಿಬ್ಬರೂ ಒಂದೇ ಉಸಿರಿಗೆ ಅವಳನ್ನು ಮೊದಲ ಸ್ಥಾನಕ್ಕೆ ಏರಿಸಿದರು. ಇಡೀ ಆಟದಲ್ಲಿ ಅವರು ಜಗಳವಿಲ್ಲದೆ ಒಪ್ಪಿದ್ದು ಅದೊಂದೇ. ಇನ್ನೊಬ್ಬರ ಹೆಂಡತಿಯಾದರೆ ಎಲ್ಲರಿಗೂ ಧೈರ್ಯ ಬರುತ್ತದೆ.

ಘಾಟು

ಬೆಳಗ್ಗೆ ಎದ್ದವಳೇ ಸೀನಿದಳು. ಮೂಗು ಕಟ್ಟಿತ್ತು. ನಾನು ಥರ್ಮಾಮೀಟರ್ ಹುಡುಕಲು ಓಡಿದೆ.

ಅತ್ತೆಗೆ ಹಿಂದಿನ ಸಂಜೆಯ ವಿಷಯವೆಲ್ಲ ಗೊತ್ತಿತ್ತು. "ಮೊದಲನೇ ನಂಬರ್ ಅಂತ ಹಿಂಗ ಸಾರಿದ್ರ ದೃಷ್ಟಿ ಬೀಳದ ಏನ್ ಮಾಡೀತು?" ಅನ್ನುತ್ತಾ ಉಪ್ಪು, ಒಣಮೆಣಸಿನಕಾಯಿ ಮುಷ್ಟಿಯಲ್ಲಿ ಹಿಡಿದು ಮಗಳಿಗೆ ನಿವಾಳಿಸಿದರು. ಹಾಕಲು ಕೆಂಡವೆಲ್ಲಿ? ಕಾದ ಕಬ್ಬಿಣದ ಹಂಚಿಗೇ ಸುರಿದರು. ಉಬ್ಬಸದವಳಿಗೆ ಹೊಗೆ ತಾಗಬಾರದೆಂದು ನಾನು ಒಲೆಯ ಮೇಲಿನ ಚಿಮಣಿಯ ಫ್ಯಾನನ್ನು ಪೂರ್ತಿ ಜೋರಾಗಿ ಹಾಕಿದೆ.

ಮೆಣಸಿನಕಾಯಿ ಸುಟ್ಟು ಕರಕಲಾಯಿತು. ಅತ್ತೆ ಮೂಗೆಳೆದು ನೋಡಿದರು.

"ಒಂಚೂರೂ ಘಾಟ ಇಲ್ಲ ನೋಡ್ರಿ! ಘಾಟ ಬರಲಿಲ್ಲಂದ್ರ ಭಾಳ ದೃಷ್ಟಿ ಆಗೇದ ಅಂತನ ಲೆಕ್ಕ."

ನಾನೂ ಮೂಗೆಳೆದೆ. ಏನೂ ಇಲ್ಲ. ನನ್ನ ಲೆಕ್ಕ ಬೇರೆಯೇ ಇತ್ತು. ವಾಸನೆ ಹೋದರೆ ಆ ರೋಗವೇ ಎಂದು ಟೀವಿಯಲ್ಲಿ ದಿನಾ ಹೇಳುತ್ತಿದ್ದರು. ಅಂದರೆ ಮೂವರಿಗೂ ಬಂದಿದೆ! ಪರೀಕ್ಷಿಸಲು ಕಾಫಿಪುಡಿ ಡಬ್ಬಿ ಕೈಗೆತ್ತಿಕೊಂಡೆ. ಅದರ ವಾಸನೆಯೂ ಬರದಿದ್ದರೆ? ಮುಚ್ಚಳ ತೆಗೆಯಲು ಧೈರ್ಯ ಬರದೆ ಹಾಗೇ ಇಟ್ಟುಬಿಟ್ಟೆ.

ಫೋನ್ ಮಾಡಿ ಟೆಸ್ಟಿಗೆ ಸಮಯ ತೆಗೆದುಕೊಂಡೆ. ಟ್ರಾಮ್ ಹತ್ತುವ ಹಾಗಿಲ್ಲ, ಅತ್ತೆ ಸೈಕಲ್ ಹತ್ತುವುದಿಲ್ಲ. ಮಾಸ್ಕ್ ಹಾಕಿಕೊಂಡು ಮೂವರೂ ನಡೆದೇ ಹೋದೆವು. ನಾನು ದಾರಿಯುದ್ದಕ್ಕೂ ಹೆಂಡತಿಯ ಉಸಿರು ಕೇಳಿಸಿಕೊಳ್ಳುತ್ತಿದ್ದೆ.

ಸಾಲಿನಲ್ಲಿ ನಮ್ಮ ಮುಂದೆ ನಮ್ಮ ಮೇಲಿನ ಮನೆಯ ಡಚ್ ದಂಪತಿ ನಿಂತಿದ್ದರು. ಇಬ್ಬರೂ ಕೆಮ್ಮುತ್ತಿದ್ದರು, ಕಣ್ಣು ಕೆಂಡವಾಗಿತ್ತು.

"ಬೆಳಗ್ಗೆ ಚೆನ್ನಾಗೇ ಇದ್ದೆವು," ಎಂದು ಆತ ದೂರದಿಂದಲೇ ಇಂಗ್ಲಿಷಿನಲ್ಲಿ ಹೇಳಿದ. "ಅಡುಗೆಮನೆಯಲ್ಲಿ ಕಾಫಿ ಕುಡಿಯುತ್ತಿದ್ದಾಗ ಇದ್ದಕ್ಕಿದ್ದಂತೆ ಶುರುವಾಯಿತು. ಗಂಟಲೆಲ್ಲ ಉರಿ. ಈ ರೋಗ ಇಷ್ಟು ಬೇಗ ಬರುತ್ತದೆಂದು ಗೊತ್ತಿರಲಿಲ್ಲ."

ನಮ್ಮ ಚಿಮಣಿಯ ಹೊಗೆ ಎಲ್ಲಿಗೆ ಹೋಗಿತ್ತೆಂದು ನನಗೆ ಆಗ ತಿಳಿಯಿತು. ನಮ್ಮ ಘಾಟೆಲ್ಲ ಅವರ ಮನೆ ಸೇರಿತ್ತು. ಅತ್ತೆಗೆ ಮೆಲ್ಲಗೆ ವಿಷಯ ಹೇಳಿದೆ. ಅವರು ಆ ದಂಪತಿ ಕೆಮ್ಮುವುದನ್ನು ಸ್ವಲ್ಪ ಹೊತ್ತು ನೋಡಿದರು.

"ಇವರಿಗೇನೂ ಆಗಿಲ್ಲ ಬಿಡ್ರಿ," ಎಂದರು. "ಇಷ್ಟು ಘಾಟ ಬಂದದ ಅಂದ್ರ ಇವರ ಮ್ಯಾಲೆ ಯಾರ ದೃಷ್ಟೀನೂ ಇಲ್ಲ."

ಮರುದಿನ ನಮ್ಮ ಮೂವರ ಫಲಿತಾಂಶವೂ ಬಂತು: ನೆಗೆಟಿವ್. ಮೇಲಿನವರದ್ದೂ ಅದೇ ಎಂದು ಮೆಟ್ಟಿಲಲ್ಲಿ ಸಿಕ್ಕಾಗ ಆತ ಹೇಳಿದ. ನಾನು ಸೋಫಾದಲ್ಲಿ ಕುಸಿದು ಮಗುವಿನ ಹಾಗೆ ಅತ್ತುಬಿಟ್ಟೆ. ಹೆಂಡತಿ ಪಕ್ಕಕ್ಕೆ ಬಂದು ಕೂತು ನನ್ನ ತಲೆ ಸವರಿದಳು.

"ಇಷ್ಟು ಹೆದರಿದ್ದಿ ಏನು?" ಎಂದಳು ಮೆತ್ತಗೆ.

ಹೌದೆಂದು ತಲೆಯಾಡಿಸಿದೆ.

"ಪಾಪ," ಎಂದವಳೇ ನನ್ನ ಕಿವಿ ಹಿಡಿದು ತಿರುಚಿದಳು. "ಈಗ ಹೇಳು. ಇದು ಎಡಗೈ. ಆಡತದೋ ಇಲ್ಲೋ?"