ಸರೋಜಾಳಿಗಾಗಿ ಆರಿಸಿದ ಶಾಕ್ ಅಬ್ಸಾರ್ಬರ್

ಕಾರಿನ ಶಾಕ್ ಅಬ್ಸಾರ್ಬರ್ ಪರೀಕ್ಷಿಸುವುದು ನನಗೆ ನೀರು ಕುಡಿದಷ್ಟು ಸುಲಭ ಎಂದು ನಂಬಿದ್ದ ಕಾಲವೊಂದಿತ್ತು. ನಾನು ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು. ಕಾರಿನ ಒಂದು ಮೂಲೆಯನ್ನು ಜೋರಾಗಿ ಒತ್ತಿ ಕೈಬಿಡಬೇಕು. ಒಮ್ಮೆ ಎದ್ದು ಸುಮ್ಮನೆ ನಿಂತರೆ ಶಾಕ್ ಅಬ್ಸಾರ್ಬರ್ ಚೆನ್ನಾಗಿದೆ, ಕುಣಿಯುತ್ತಲೇ ಇದ್ದರೆ ಕೆಟ್ಟಿದೆ. ಇಷ್ಟೇ ಶಾಸ್ತ್ರ!

ಆಗ ಎಂಬತ್ತರ ದಶಕದ ಆರಂಭ. ಜೆ.ಪಿ. ನಗರದಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳು ಹೆಚ್ಚು, ಟಾರಿಗಿಂತ ಜಲ್ಲಿ ಹೆಚ್ಚು. ನನ್ನದು ಇಂಗ್ಲೆಂಡಿನಲ್ಲಿ ಹುಟ್ಟಿದ, ಹೆಚ್ಚುಕಡಿಮೆ ನನ್ನದೇ ವಯಸ್ಸಿನ, ಗುಂಡು ಬೆನ್ನಿನ ಕಾರು. ಅದನ್ನು ನಂಬಿ ನಾನೊಂದು ಮಾತು ಕೊಟ್ಟುಬಿಟ್ಟಿದ್ದೆ. ಚೊಚ್ಚಲ ಬಸುರಿಯಾದ ಹೆಂಡತಿ ಸರೋಜಾಳನ್ನು ಬೇಗೂರಿನ ತವರಿಗೆ ಕಳಿಸದೆ, "ಇಲ್ಲೇ ಇರ್ಲಿ ಅತ್ತೆ. ನೋವು ಬಂದ ತಕ್ಷಣ ಕಾರಲ್ಲಿ ಮೈ ಅಲುಗದ ಹಾಗೆ ಆಸ್ಪತ್ರೆಗೆ ಸೇರಿಸ್ತೀನಿ" ಎಂದಿದ್ದೆ. ಅತ್ತೆ ಮುಖ ದಪ್ಪ ಮಾಡಿಕೊಂಡೇ ಟ್ರಂಕು ಸಮೇತ ನಮ್ಮ ಮನೆಗೆ ಬಂದಿಳಿದರು.

ಎಂಟು ತಿಂಗಳು ತುಂಬಿದಾಗ ಕಾರಿನ ಹಿಂದಿನ ಮೂಲೆಯನ್ನು ಒತ್ತಿ ಕೈಬಿಟ್ಟೆ. ಕುಣಿಯಿತು. ಒಳಗೆ ಹೋಗಿ ಕಾಫಿಗೆ ಹೇಳಿ ಬಂದೆ. ಇನ್ನೂ ಕುಣಿಯುತ್ತಿತ್ತು!

ಜೆ.ಸಿ. ರಸ್ತೆಯ ಅಂಗಡಿಯೊಂದರಲ್ಲಿ ಎರಡು ಬಗೆಯ ಶಾಕ್ ಅಬ್ಸಾರ್ಬರ್ ತೋರಿಸಿದರು. ಮೊದಲನೆಯದು ಕೈಯಲ್ಲಿ ಒತ್ತಿದರೆ ಮೆಲ್ಲಗೆ ಒಳಗೆ ಹೋಯಿತು. ಛೀ, ಪುಕ್ಕಲು! ಎರಡನೆಯದರ ಮೇಲೆ ನನ್ನ ಮೈಭಾರವನ್ನೆಲ್ಲ ಬಿಟ್ಟು ಒತ್ತಿದರೂ ಜಗ್ಗಲಿಲ್ಲ. ನನಗೆ ರೋಮಾಂಚನವಾಯಿತು.

"ಇದೇ ಕೊಡಿ."

"ಸಾರ್, ಅದು ಸಾಮಾನು ಸಾಗ್ಸೋ ವ್ಯಾನ್‌ದು."

"ಅಷ್ಟು ಸಾಮಾನು ತಡ್ಕೊಳೋದು ನನ್ನ ಹೆಂಡ್ತಿನ ತಡ್ಕೊಳಲ್ವಾ?"

ಅಂಗಡಿಯವನು ತಲೆ ಕೆರೆದುಕೊಂಡು ಕಟ್ಟಿಕೊಟ್ಟ. ಹಳೆಯದನ್ನು ನಾನು ಹೆಮ್ಮೆಯಿಂದ ಗುಜರಿಗೆ ಹಾಕಿದೆ.

ಹೊಸದು ಹಾಕಿಸಿದ ಮೇಲೆ ಮತ್ತೆ ಪರೀಕ್ಷೆ. ಮೂಲೆಯನ್ನು ಒತ್ತಿದೆ. ಕಾರು ತಗ್ಗಲೇ ಇಲ್ಲ! ತಗ್ಗದ ಕಾರು ಕುಣಿಯುವುದೆಲ್ಲಿಂದ ಬಂತು? ಫಸ್ಟ್ ಕ್ಲಾಸಿನಲ್ಲಿ ಪಾಸು! ಅತ್ತೆಯನ್ನು ಹಿಂದೆ ಕೂರಿಸಿಕೊಂಡು ಪ್ರಾಯೋಗಿಕ ಸಂಚಾರಕ್ಕೆ ಹೊರಟೆ. ಮೊದಲ ಗುಂಡಿಯಲ್ಲಿ ಅತ್ತೆಯ ತಲೆ ಕಾರಿನ ಸೂರಿಗೆ ಬಡಿಯಿತು. ಎರಡನೆಯದರಲ್ಲಿ ಅವರ ತುರುಬು ಬಿಚ್ಚಿತು. ಮೂರನೆಯದಕ್ಕೆ ಅವರು ಇರಲಿಲ್ಲ, ಇಳಿದು ನಡೆಯುತ್ತಿದ್ದರು.

"ಅಳಿಯಂದ್ರೇ, ನನ್ನ ಮಗಳನ್ನ ಇದರಲ್ಲಿ ಕೂರ್ಸಿದ್ರೆ ಮಗು ಆಸ್ಪತ್ರೆವರೆಗೂ ಕಾಯಲ್ಲ, ದಾರೀಲೇ ಇಳ್ಕೊಳತ್ತೆ!"

ಮತ್ತೆ ಅಂಗಡಿಗೆ ಓಡಿದೆ. ಮೆತ್ತನೆಯದು ಖರ್ಚಾಗಿಹೋಗಿತ್ತು. "ಭಾರ ಹಾಕಿ ನೋಡಿ ಸಾರ್, ಆರಾಮಾಗಿ ಹೋಗತ್ತೆ" ಎಂದ ಅಂಗಡಿಯವನು. ಮುಳುಗುತ್ತಿದ್ದ ನನಗೆ ಅದೇ ಆಸರೆಯಾಯಿತು.

ಭಾರ ಎಂದರೆ ನಮ್ಮ ರಸ್ತೆಯಲ್ಲಿ ನಂಜುಂಡಪ್ಪನವರೇ. ಬಡಾವಣೆ ಆಗುವ ಮೊದಲು ಇಲ್ಲೇ ಹೊಲ ಉಳುತ್ತಿದ್ದವರು, ಈಗ ಮನೆಗಳನ್ನು ಬಾಡಿಗೆಗೆ ಕೊಟ್ಟು ಜಗಲಿಯ ಮೇಲೆ ವಿರಾಜಮಾನರಾಗಿದ್ದರು. ಅವರನ್ನೂ ಅವರ ಹೆಂಡತಿ, ಇಬ್ಬರು ನಾದಿನಿಯರನ್ನೂ ಕಾರಿನಲ್ಲಿ ಕೂರಿಸಿ, ಡಿಕ್ಕಿಗೆ ಅವರದೇ ರಾಗಿ ಮೂಟೆ ಹಾಕಿ ಕೋಣನಕುಂಟೆಯವರೆಗೆ ಹೋಗಿಬಂದೆ. ಏನು ಸುಖ! ನಂಜುಂಡಪ್ಪನವರು ದಾರಿಯಲ್ಲೇ ಗೊರಕೆ ಹೊಡೆದರು.

"ಹೆರಿಗೆ ದಿನ ನೀವೆಲ್ಲ ಬರ್ಲೇಬೇಕು" ಎಂದು ಕೈಮುಗಿದೆ.

"ಅಯ್ಯೋ, ಅದಕ್ಕೇನು ಮೇಷ್ಟ್ರೇ! ನಮ್ಮ ಮನೆ ಮಗಳಿದ್ದಂಗೆ" ಎಂದರು.

ಆ ದಿನ ಬೆಳಗ್ಗೆ ಸರೋಜಾ ಒಗ್ಗರಣೆ ಸೌಟು ಕೆಳಗಿಟ್ಟು "ರೀ..." ಎಂದಳು. ಅಷ್ಟೇ. ನಾನು ಕಾರು ತೆಗೆದುಕೊಂಡು ಸೀದಾ ನಂಜುಂಡಪ್ಪನವರ ಮನೆಗೆ ಹೋದೆ. ಅವರು ಸ್ನಾನ ಮಾಡುತ್ತಿದ್ದರು. ಆಮೇಲೆ ವಿಭೂತಿ. ಆಮೇಲೆ ಜರಿಪಂಚೆ. "ಆಸ್ಪತ್ರೆಗೆ ಹಂಗೇ ಹೋಗಕಾಯ್ತದಾ ಮೇಷ್ಟ್ರೇ?" ಹೆಂಗಸರು ಹೂ ಮುಡಿದರು. ಮೂಟೆ ಡಿಕ್ಕಿಗೆ ಬಂತು. ನಂಜುಂಡಪ್ಪನವರು ಮುಂದೆ, ಮೂವರು ಹಿಂದೆ. ಕಾರು ಗಂಭೀರವಾಗಿ ತಗ್ಗಿತು. ವಿಜಯಿಯಂತೆ ನಮ್ಮ ಗೇಟಿನ ಮುಂದೆ ತಂದು ನಿಲ್ಲಿಸಿ ಹಾರನ್ ಹೊಡೆದೆ.

ಸರೋಜಾ ಅತ್ತೆಯ ಹೆಗಲು ಹಿಡಿದು ಬಂದಳು. ಮುಂದಿನ ಸೀಟು ನೋಡಿದಳು. ಹಿಂದಿನ ಸೀಟು ನೋಡಿದಳು.

"ನಾನೆಲ್ಲಿ ಕೂತ್ಕೊಳ್ಲಿ ರೀ?"

ಅಯ್ಯೋ ದೇವರೇ! ಯಾರನ್ನು ಇಳಿಸಲಿ? ನಂಜುಂಡಪ್ಪನವರನ್ನು ಇಳಿಸಿದರೆ ಭಾರ ಕಮ್ಮಿಯಾಗುತ್ತದೆ, ನಾದಿನಿಯರನ್ನು ಇಳಿಸಿದರೆ ಒಂದು ಕಡೆ ವಾಲುತ್ತದೆ...

"ಒಂದ್ನಿಮಿಷ ಸರೋಜಾ, ಲೆಕ್ಕ ಹಾಕ್ತೀನಿ" ಎಂದೆ.

ಈ ಮಾತು ನನ್ನ ಬಾಯಿಂದ ಯಾಕೆ ಬಂತೋ, ಇವತ್ತಿಗೂ ನೆನೆದರೆ ಗೋಡೆಗೆ ತಲೆ ಚಚ್ಚಿಕೊಳ್ಳಬೇಕು ಅನ್ನಿಸುತ್ತದೆ. ನಾನು ಲೆಕ್ಕ ಮುಗಿಸುವಷ್ಟರಲ್ಲಿ ಅತ್ತೆ ದಾರಿಯಲ್ಲಿ ಹೋಗುತ್ತಿದ್ದ ಆಟೋ ನಿಲ್ಲಿಸಿ, ಮಗಳನ್ನು ಹತ್ತಿಸಿಕೊಂಡು ಹೊರಟಾಗಿತ್ತು. ಆಟೋ ಗುಂಡಿ ಗುಂಡಿಗೂ ಹಾರುತ್ತ ಜಯನಗರದ ಕಡೆ ಮಾಯವಾಯಿತು. ಹಿಂದೆ, ಎತ್ತಿನ ಗಾಡಿಯ ವೇಗದಲ್ಲಿ ನಾವು! ಅಲುಗಾಟವಿಲ್ಲ, ಕುಲುಕಾಟವಿಲ್ಲ. ಅಷ್ಟು ಸುಖದ ಪ್ರಯಾಣದಲ್ಲಿ ಅಳುತ್ತಾ ಕಾರು ಓಡಿಸಿದವನು ನಾನೊಬ್ಬನೇ ಇರಬೇಕು. ನಂಜುಂಡಪ್ಪನವರು ಮತ್ತೆ ಗೊರಕೆ ಹೊಡೆದರು.

ಆಸ್ಪತ್ರೆ ಮುಟ್ಟಿದಾಗ ಹೆಣ್ಣು ಮಗು ಹುಟ್ಟಿಯಾಗಿತ್ತು. ತಾಯಿ, ಮಗು ಇಬ್ಬರೂ ಕ್ಷೇಮ. ನನ್ನ ಪ್ರಾಣ ಮರಳಿ ಬಂತು.

"ಒಬ್ಬೊಬ್ಬರೇ ಒಳಗೆ ಹೋಗಿ" ಎಂದರು ನರ್ಸಮ್ಮ. "ನೀವು ಮೊದ್ಲು ಆ ಕಾರು ತೆಗೀರಿ, ಬಾಗಿಲಿಗೇ ಅಡ್ಡ ಇಟ್ಟಿದ್ದೀರ."

ಭಾರವಿಲ್ಲದ ಕಾರನ್ನು ಧಡ್ ಧಡ್ ಎನ್ನಿಸುತ್ತ ಮರದಡಿ ನಿಲ್ಲಿಸಿ ಓಡಿ ಬಂದೆ. ಅಷ್ಟರಲ್ಲಿ ನನ್ನ ಭಾರವೆಲ್ಲ ಒಬ್ಬೊಬ್ಬರಾಗಿ ಒಳಗೆ ಹೋಗಿ ಮಗುವಿನ ಮುಖ ನೋಡಿ, ಮೂಗು ಅಪ್ಪನದು, ಪುಣ್ಯಕ್ಕೆ ಬಣ್ಣ ಅಮ್ಮನದು ಎಂದು ತೀರ್ಮಾನಿಸಿಯಾಗಿತ್ತು. ಕೊನೆಗೆ ನಾನು ಹೋದೆ. ಸರೋಜಾ ಕಣ್ಣು ತೆರೆದಳು. ಸುಸ್ತಾಗಿದ್ದಳು, ಆದರೂ ಕೇಳಿದಳು:

"ಎಲ್ರಿಗೂ ಕೂರೋಕೆ ಜಾಗ ಆಯ್ತಾ ರೀ?"

ಅವಳ ಪಕ್ಕ ಕೂರೋಣವೆಂದು ಸುತ್ತ ನೋಡಿದೆ. ಮಂಚದ ಪಕ್ಕ ಇದ್ದದ್ದು ಒಂದೇ ಸ್ಟೂಲು. ಅದರ ಮೇಲೆ ನಂಜುಂಡಪ್ಪನವರು ಕೂತಿದ್ದರು.