ಅಳಿಯನ ಉಡುದಾರ

ಆಂಜಿನಪ್ಪನ ಸೊಂಟ ಕೆರೆಯತೊಡಗಿ ಎರಡು ವಾರವಾಗಿತ್ತು. ಆ ಸೋಮವಾರ ಬೆಳಿಗ್ಗೆ ಸ್ನಾನಕ್ಕೆ ಅಂಗಿ ಬಿಚ್ಚಿದವನು ಬಗ್ಗಿ ನೋಡಿಕೊಂಡ. ಬೆಳ್ಳಿಯ ಉಡುದಾರ ತಾಕುವಲ್ಲೆಲ್ಲ, ಯಾರೋ ಒಣಮೆಣಸಿನಕಾಯಿ ಹಾರ ಸುತ್ತಿದಂತೆ ಕೆಂಪು ಬೊಕ್ಕೆಗಳು ಎದ್ದಿದ್ದವು.

"ಕೊಬ್ರಿ ಎಣ್ಣೆ ಅಚ್ಕೊಳ್ಳಿ, ಓಗ್ತದೆ" ಎಂದಳು ಹೆಂಡತಿ ಆದಿಲಕ್ಷ್ಮಿ, ಒಲೆಯ ಮುಂದಿನಿಂದ ಏಳದೆಯೇ.

ಅಷ್ಟಕ್ಕೆ ಸುಮ್ಮನಾಗುವ ಜೀವ ಅದಲ್ಲ. ಆಂಡರ್ಸನ್‌ಪೇಟೆಯ ಒಂದು ಶಾಲೆಯಲ್ಲಿ ಗುಮಾಸ್ತನಾಗಿದ್ದ ಆಂಜಿನಪ್ಪನಿಗೆ ಅನುಮಾನ ಹುಟ್ಟುಗುಣ. ಹಾಲಿನವಳ ಎದುರಿಗೇ ಹಾಲನ್ನು ಉಗುರಿನ ಮೇಲೆ ಬಿಟ್ಟು ನೋಡುವವನು. ದೇವಸ್ಥಾನದ ತೀರ್ಥವನ್ನೂ ಮೂಸಿಯೇ ಕುಡಿಯುವವನು.

ಶಾಲೆಯಲ್ಲಿ ಡ್ರಿಲ್ ಮಾಸ್ತರ ಕುಪ್ಪುಸ್ವಾಮಿ ಸೊಂಟವನ್ನು ನೋಡಿ ಎರಡು ಹೆಜ್ಜೆ ಹಿಂದೆ ಸರಿದ.

"ಅಯ್ಯಯ್ಯೋ ಸಾರ್, ಇದು ಮೆಟಲ್ ಅಲರ್ಜಿ! ನೆನ್ನೆ ತಾನೇ ಪೇಪರ್‌ನಲ್ಲಿ ಹಾಕಿದ್ರು. ಲೋಹ ಮೈಗೆ ಆಗದವರಿಗೆ ಹಾರ್ಟ್ ಕಾಯಿಲೆನೂ ಬರಬಹುದಂತೆ."

ಆ 'ಬಹುದು' ಸ್ಟಾಫ್ ರೂಮಿನ ಹೊಸ್ತಿಲು ದಾಟಲಿಲ್ಲ. ಮೊದಲ ಪಿರಿಯಡ್ ಮುಗಿಯುವಷ್ಟರಲ್ಲಿ ಗುಮಾಸ್ತರಿಗೆ ಹಾರ್ಟ್ ಕಾಯಿಲೆಯೆಂದು ಶಾಲೆಗೆಲ್ಲ ಗೊತ್ತಾಗಿತ್ತು. ಹೆಡ್‌ಮಾಸ್ತರು ಕೇಳದೆಯೇ ರಜೆ ಕೊಟ್ಟರು. ಜೊತೆಗೆ ಕುಪ್ಪುಸ್ವಾಮಿಯನ್ನೂ ಕೊಟ್ಟರು.

"ಅಚ್ಚ ಬೆಳ್ಳಿ ಹಿಂಗೆ ಕಚ್ಚಲ್ಲ ಸಾರ್. ಯಾರು ಕೊಟ್ಟಿದ್ದು?" ಎಂದ ಕುಪ್ಪುಸ್ವಾಮಿ.

"ನಮ್ಮ ಮಾವ. ಮದುವೇಲಿ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು, ಸೀದಾ ಅಕ್ಕಸಾಲಿಗನ ಅಂಗಡಿಗೆ ನಡೆದರು. ಆಚಾರಿ ಉಡುದಾರವನ್ನು ಒರೆಗಲ್ಲಿಗೆ ಉಜ್ಜಿ, ಮೇಲೊಂದು ತೊಟ್ಟು ಆಸಿಡ್ ಬಿಟ್ಟ.

"ಬೆಳ್ಳಿ ಅಲ್ಲ ಸಾಮಿ, ಜರ್ಮನ್ ಸಿಲ್ವರ್. ಎಸ್ರಾಗೆ ಮಾತ್ರ ಬೆಳ್ಳಿ. ಇದ್ರಾಗೆ ನಿಕ್ಕಲ್ ಬೆರ್ಸಿರ್ತಾರೆ, ಕೆಲವ್ರ ಮೈಗೆ ಆಗಕಿಲ್ಲ."

ಆಂಜಿನಪ್ಪನ ಕಣ್ಣು ಕೆಂಪಾದವು. ಮಾವ ದೊಡ್ಡವೆಂಕಟಪ್ಪ ಇರುವುದು ಬಂಗಾರಪೇಟೆಯಲ್ಲಿ. ಮಾರಿಕುಪ್ಪಂನಲ್ಲಿ ಮಧ್ಯಾಹ್ನದ ರೈಲು ಹತ್ತಿಯೇಬಿಟ್ಟರು.

"ಹಾರ್ಟ್ ಪೇಷೆಂಟ್! ಕೊಂಚ ಜಾಗ ಬಿಡಿ!" ಎಂದು ಕುಪ್ಪುಸ್ವಾಮಿ ಕೂಗಿದ್ದೇ ತಡ, ಡಬ್ಬಿಯೇ ಎದ್ದು ನಿಂತಿತು. ಅಂಗಿಯೊಳಗೆ ಕೈಬಿಟ್ಟು ಕೆರೆದುಕೊಳ್ಳುತ್ತಿದ್ದವನನ್ನು ಎದೆನೋವಿನಿಂದ ಒದ್ದಾಡುತ್ತಿದ್ದಾನೆಂದೇ ಎಲ್ಲರೂ ತಿಳಿದರು. ಬೆಂಚಿನ ಮೇಲೆ ಮಲಗಿಸಿದರು. ಬೂದಿಕೋಟೆಯ ಅಕ್ಕಯ್ಯಮ್ಮ ಎಂಬ ಮುದುಕಿ ಒಂದು ಚೊಂಬು ನೀರನ್ನು ಅವನ ನೆತ್ತಿಗೆ ಸುರಿದಳು.

"ನಂಗೇನೂ ಆಗಿಲ್ಲಮ್ಮ! ಕೆರೀತಾ ಐತೆ ಅಷ್ಟೇ!"

"ಸುಮ್ಕಿರಪ್ಪ. ನಮ್ ಮನೆಯವ್ರೂ ಇಂಗೇ ಅಂತಿದ್ರು, ಓಗೇಬಿಟ್ರು" ಎಂದು ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು.

ಬಂಗಾರಪೇಟೆಯಲ್ಲಿ ನಾಲ್ಕು ಜನ ಅವನನ್ನೆತ್ತಿ ಪಾರ್ಸೆಲ್ ತಳ್ಳುಗಾಡಿಯ ಮೇಲೆ ಹಾಕಿ, ಬಾಳೆಗೊನೆ ಸಾಗಿಸಿದಂತೆ ಡಾಕ್ಟರ ಬಾಗಿಲಿಗೆ ಸಾಗಿಸಿದರು.

ಡಾಕ್ಟರು ಎದೆಗೆ ಸ್ಟೆತಾಸ್ಕೋಪ್ ಇಟ್ಟು ಕೇಳಿದರು. ಸೊಂಟ ನೋಡಿ ನಕ್ಕರು. "ನಿಮ್ಮ ಹೃದಯ ಗಡಿಯಾರದ ಹಾಗಿದೆಯಪ್ಪ. ಹೃದಯಕ್ಕೂ ಲೋಹದ ಅಲರ್ಜಿಗೂ ಸಂಬಂಧ ಇದೆಯೋ ಇಲ್ಲವೋ ಅಂತ ದೊಡ್ಡವರು ಇನ್ನೂ ಹುಡುಕ್ತಿದ್ದಾರೆ. ಇದು ಬರೀ ಚರ್ಮದ್ದು. ಆ ಉಡುದಾರ ಮತ್ತೆ ಹಾಕ್ಕೋಬೇಡಿ, ಸಾಕು."

ಜೀವದ ಭಯ ಹೋಯಿತು, ಸಿಟ್ಟು ಪೂರ್ತಿ ಉಳಿಯಿತು. ಒದ್ದೆ ಅಂಗಿಯಲ್ಲೇ ಮಾವನ ಮನೆಗೆ ನುಗ್ಗಿದ ಆಂಜಿನಪ್ಪ ಉಡುದಾರವನ್ನು ಜಗುಲಿಯ ಮೇಲೆ ಬಿಸಾಕಿದ.

"ಏನಿದು ಮಾವ?"

"ಉಡುದಾರ" ಎಂದರು ದೊಡ್ಡವೆಂಕಟಪ್ಪ, ಎಲೆಗೆ ಸುಣ್ಣ ಸವರುತ್ತ.

"ಜರ್ಮನ್ ಸಿಲ್ವರ್! ಮದುವೇಲಿ ಅಚ್ಚ ಬೆಳ್ಳಿ ಅಂತ ಹೇಳಿ ಅಳಿಯನಿಗೆ ಮೋಸ ಮಾಡಿದ್ರಲ್ಲ!"

ಕುಪ್ಪುಸ್ವಾಮಿ ಒಂದು ಮಾತೂ ತಪ್ಪಿಹೋಗದಂತೆ ಹತ್ತಿರಕ್ಕೆ ಸರಿದು ಕುಳಿತ.

"ನಾನ್ ಕೊಟ್ಟಿದ್ದು ಅಚ್ಚ ಬೆಳ್ಳಿನೇ ಅಳಿಯಂದಿರೇ. ಅದು ಇದಲ್ಲ" ಎಂದರು ಮಾವ ನಿಧಾನವಾಗಿ. "ಮದ್ವೇಲಿ ನೀವು ನಮ್ ಆದಿಲಕ್ಷ್ಮಿಗೆ ದಪ್ಪ ಕಾಲುಚೈನು ಆಕಿದ್ರಲ್ಲ? ನಾಕು ವರ್ಸ ಅವ್ಳು ಕಾಲು ಕೆರ್ಕೊಂಡ್ಳು, ಬಾಯ್ಬಿಡ್ಲಿಲ್ಲ. ಓದ ತಿಂಗ್ಳು ಒರೆಗಲ್ಲಿಗೆ ಉಜ್ಜಿಸಿ ನೋಡಿದ್ವಿ, ಬೆಳ್ಳಿ ಅಲ್ಲ. ನಿಮ್ ಉಡುದಾರಾನ ಪಾಲಿಸ್ ಮಾಡಿಸ್ತೀನಿ ಅಂತ ಈಸ್ಕೊಂಡು ಬಂದಿದ್ಲಲ್ಲ, ಅದನ್ನ ಕರಗ್ಸಿ ಅವ್ಳಿಗೆ ಕಾಲುಚೈನು ಮಾಡಿಸ್ದೆ. ನಿಮ್ ಕಾಲುಚೈನು ಕರಗ್ಸಿ ನಿಮ್ಗೆ ಉಡುದಾರ ಮಾಡಿಸ್ದೆ. ಅವ್ರವ್ರ ಮಾಲು ಅವ್ರವ್ರಿಗೆ ಸೇರ್ತು."

ಆ ಕಾಲುಚೈನು ಬೆಳ್ಳಿಯಲ್ಲ ಎಂಬುದು ಲೋಕದಲ್ಲಿ ಅದನ್ನು ಕೊಂಡ ತನಗೊಬ್ಬನಿಗೇ ಗೊತ್ತೆಂದು ಆಂಜಿನಪ್ಪ ನಾಲ್ಕು ವರ್ಷದಿಂದ ನಂಬಿಕೊಂಡಿದ್ದ.

"ಡಾಕ್ಟ್ರು... ಅದನ್ನ ಹಾಕ್ಕೋಬಾರ್ದು ಅಂದವ್ರೆ" ಎಂದ ಮೆಲ್ಲಗೆ.

"ನಾಕು ವರ್ಸಕ್ಕೆ ನನ್ ಮಗ್ಳ ಹಾರ್ಟಿಗೆ ಏನಾಯ್ತು? ಗುಂಡುಕಲ್ಲಂಗವ್ಳೆ. ನೀವು ಗಂಡಸ್ರು. ಇನ್ನೂ ಮೂರು ವರ್ಸ ಹನ್ನೊಂದು ತಿಂಗ್ಳು ಐತೆ, ಆಮೇಲೆ ಬಿಚ್ಚಿರಂತೆ."

ಕುಪ್ಪುಸ್ವಾಮಿ ಜಗುಲಿಯಿಂದ ಉಡುದಾರವನ್ನು ಎತ್ತಿ, ಎರಡೂ ಕೈಯಲ್ಲಿ ಬಿಡಿಸಿ ಹಿಡಿದು ಡ್ರಿಲ್ ದನಿಯಲ್ಲಿ ಹೇಳಿದ: "ಸಾರ್, ಕೈ ಮೇಲೆ!"

ಆಂಜಿನಪ್ಪ ಎರಡೂ ಕೈ ಎತ್ತಿ ನಿಂತ.