ಸರ್ಕಾರ ಬಾಗಿಲು ಹಾಕಿತು, ಡಬ್ಬಗಳು ಬಂದವು

ವಾಷಿಂಗ್ಟನ್ನಿನಲ್ಲಿ ಬಜೆಟ್ ವಿಷಯಕ್ಕೆ ಜಗಳ ಹತ್ತಿ ಸರ್ಕಾರ ಶಟ್‌ಡೌನ್ ಅಂತ ಬಾಗಿಲು ಹಾಕಿಕೊಂಡಾಗಲೆಲ್ಲ ನಮ್ಮ ಓಲ್ಡ್ ಬ್ರಿಡ್ಜ್ ಊರಿನಲ್ಲಿ ಏನಾದರೊಂದು ತಮಾಷೆ ನಡೆಯದೆ ಹೋಗುವುದಿಲ್ಲ. ರಿಟೈರಾಗಿ ಸರ್ಕಾರದ ಪೆನ್ಶನ್ ತಿನ್ನುವ ನನಗೆ ಇದನ್ನೆಲ್ಲ ಹತ್ತಿರ ನಿಂತು ನೋಡುವಷ್ಟು ಪುರುಸೊತ್ತೂ ಇದೆ, ಸಿಕ್ಕವರಿಗೆಲ್ಲ ಹೇಳುವಷ್ಟು ಬಾಯಿಯೂ ಇದೆ. ಈ ಸಲದ್ದು ನನ್ನ ಗೆಳೆಯರೊಬ್ಬರು ಗೆದ್ದ ಕಥೆ. ಆದ್ದರಿಂದ ಸ್ವಲ್ಪ ಹಿಗ್ಗಿಯೇ ಹೇಳುತ್ತೇನೆ.

ಗೆಳೆಯರು ಉಡುಪಿ ಕಡೆಯವರು. ಇಲ್ಲಿ ಒಂದು ಹೋಟೆಲ್ ನಡೆಸುತ್ತಿದ್ದರು. ಈಗಲೂ ನಾವು ಅವರನ್ನು ಮಾಲೀಕರು ಅಂತಲೇ ಕರೆಯುವುದು. ಐವತ್ತು ದಾಟಿದ ಹೊಸದರಲ್ಲಿ ಸ್ಟ್ರೋಕ್ ಆಗಿ ಬಲಗೈ, ಬಲಗಾಲು ಮಾತು ಕೇಳದಂತಾದವು. ಹೋಟೆಲ್ ಮಾರಿದರು. ಒಂಟಿ ಜೀವ. ಈಗ ನೆಲಮಹಡಿಯ ಒಂದು ಅಪಾರ್ಟ್‌ಮೆಂಟು, ಓಡಾಡಲು ವಾಕರ್, ಅವರದೇ ಒಲೆ, ಅವರದೇ ಬೀಗದ ಕೈ. ಖರ್ಚಿಗೆ, ದುಡಿಯಲಾಗದವರಿಗೆ ಸರ್ಕಾರ ಕೊಡುವ, ತಿಂಗಳಿಗೊಂದು ಬುಧವಾರ ಬ್ಯಾಂಕಿಗೆ ಬಂದು ಬೀಳುವ ಡಿಸೆಬಿಲಿಟಿ ಬೆನಿಫಿಟ್ಟು.

ಮುಗಿದ ಕೈಗಳು

ಸುದ್ದಿ ಬಂದ ಬೆಳಿಗ್ಗೆ ನಮ್ಮ ಕನ್ನಡದವರ ವಾಟ್ಸಾಪ್ ಗ್ರೂಪಿನಲ್ಲಿ ಯಾರೋ, ಇನ್ನು ಡಿಸೆಬಿಲಿಟಿ ದುಡ್ಡೆಲ್ಲ ಸ್ಟಾಪ್ ಅಂತೆ, ಪಾಪ ನಮ್ಮ ಮಾಲೀಕರ ಗತಿ ಏನು ಅಂತ ಬರೆದರು. ಬರೆದದ್ದೇ ತಡ, ಮುಗಿದ ಕೈಗಳ ಸಾಲೇ ಸಾಲು. ಒಬ್ಬರು ಉರಿಯುವ ದೀಪ ಹಾಕಿದರು. ಇನ್ನೊಬ್ಬರು ಸ್ಟೇ ಸ್ಟ್ರಾಂಗ್ ಅಂದರು. ಮಧ್ಯದಿಂದ ಓದಲು ಶುರು ಮಾಡಿದ ಒಬ್ಬ ಪುಣ್ಯಾತ್ಮರು ಓಂ ಶಾಂತಿ ಅಂತಲೂ ಹಾಕಿಬಿಟ್ಟರು.

ನಾನು ಸುಮ್ಮನಿರುವ ಜಾತಿಯಲ್ಲ. ಕೂತು ಉದ್ದಕ್ಕೆ ಬರೆದೆ. ಈ ದುಡ್ಡು ವರ್ಷವರ್ಷದ ಬಜೆಟ್ ಜಗಳಕ್ಕೆ ಸೇರಿದ್ದಲ್ಲ, ಇದಕ್ಕೆ ಕಾನೂನಿನಲ್ಲೇ ಬೇರೆ ಏರ್ಪಾಡಿದೆ, ಹಿಂದೆ ಬಾಗಿಲು ಹಾಕಿದಾಗಲೂ ನಿಂತಿರಲಿಲ್ಲ, ಆಫೀಸಿನಲ್ಲಿ ಕೆಲವು ಚಿಲ್ಲರೆ ಕೆಲಸಗಳು ನಿಲ್ಲುತ್ತವೆ ಅಷ್ಟೆ, ಅಂತ. ನನ್ನ ಬರಹ ಎಷ್ಟು ಉದ್ದವಾಗಿತ್ತೆಂದರೆ ಫೋನೇ ಅದನ್ನು ಅರ್ಧಕ್ಕೆ ಕತ್ತರಿಸಿ, ಉಳಿದದ್ದು ಬೇಕಾದರೆ ಒತ್ತಿ ಓದಿ ಅಂತ ತೋರಿಸಿತು. ಒಬ್ಬರೂ ಒತ್ತಲಿಲ್ಲ. ಬಂದ ಉತ್ತರ ಒಂದೇ: ಥ್ಯಾಂಕ್ಸ್ ಅಂಕಲ್, ಗುಡ್ ಮಾರ್ನಿಂಗ್.

ಅಷ್ಟರಲ್ಲಿ ಮಾಲೀಕರ ಫೋನು. "ರಾಯರೇ, ನಾನು ಎಷ್ಟು ಹೊತ್ತಿಗೆ ಹೋದದ್ದು ಅಂತ ಗ್ರೂಪಿನಲ್ಲಿ ಹಾಕಿದ್ದಾರಾ ನೋಡಿ. ತಿಂಡಿ ತಿನ್ನುದಾ ಬೇಡವಾ ಅಂತ ಗೊತ್ತಾಗ್ತಾ ಇಲ್ಲ."

ಹೆಡ್‌ಮಿಸ್ಟ್ರೆಸ್ಸಿನ ಆರ್ಡರು

ಮಾಲೀಕರಿಗೆ ಒಬ್ಬ ಅಕ್ಕ ಇದ್ದಾರೆ. ಊರಲ್ಲಿ ಹೆಡ್‌ಮಿಸ್ಟ್ರೆಸ್ ಆಗಿದ್ದವರು. ಈಗ ಇಲ್ಲಿಂದ ಗಾಡಿಯಲ್ಲಿ ಗಂಟೆ ದಾರಿಯ ಫೋರ್ಟ್ ಲೀಯಲ್ಲಿ, ಆಕಾಶಕ್ಕೆ ಅಂಟಿಕೊಂಡ ಒಂದು ಫ್ಲ್ಯಾಟಿನಲ್ಲಿ, ಮಗಳು ಅಳಿಯನ ಜೊತೆ ಇರುತ್ತಾರೆ. ತಮ್ಮನ ಮೇಲೆ ಬಹಳ ಪ್ರೀತಿ. ಸ್ಟ್ರೋಕ್ ಆದ ಹೊಸದರಲ್ಲಿ ತಮ್ಮನನ್ನು ಅಲ್ಲಿಗೇ ಕರೆದೊಯ್ದು ಕೆಲವು ತಿಂಗಳು ನೋಡಿಕೊಂಡಿದ್ದರು. ಉಪ್ಪಿಲ್ಲ, ಖಾರವಿಲ್ಲ, ಎಣ್ಣೆಯ ಸುದ್ದಿಯೇ ಇಲ್ಲ, ಬೆಳಿಗ್ಗೆ ಗಂಜಿ, ಸಾಯಂಕಾಲ ಗಂಜಿ. ಕಿಟಕಿಯಲ್ಲಿ ದೊಡ್ಡ ಸೇತುವೆ ಕಾಣುತ್ತಿತ್ತಂತೆ. ಅದರ ಮೇಲೆ ಹೋಗುವ ಪ್ರತಿ ಲಾರಿಯಲ್ಲೂ ಉಪ್ಪಿನಮೂಟೆ ಇರಬಹುದು ಅಂತ ಯೋಚಿಸುತ್ತ ದಿನ ತಳ್ಳಿದೆ ಅಂತ ಮಾಲೀಕರು ಹೇಳುತ್ತಾರೆ.

ಆ ಅಕ್ಕ ಫೋನ್ ಮಾಡಿದರು. ದುಡ್ಡಿಲ್ಲದೆ ಒಬ್ಬನೇ ಹೇಗೆ ಇರುತ್ತೀಯ, ಬುಧವಾರ ಗಾಡಿ ತರುತ್ತೇನೆ, ಮನೆ ಖಾಲಿ ಮಾಡು, ಬಟ್ಟೆಬರೆ ಕಟ್ಟಿಡು ಅಂತ ಅಪ್ಪಣೆಯಾಯಿತು. ದುಡ್ಡು ನಿಲ್ಲುವುದಿಲ್ಲ ಅಂದರೆ ನಂಬಲಿಲ್ಲ. ಹಾಗಿದ್ದರೆ ಆಫೀಸಿನ ಕಾಗದ ತೋರಿಸು ಅಂದರು. ಒಮ್ಮೆ ಆ ಮನೆಗೆ ಹೋದರೆ ತಿರುಗಿ ತಮ್ಮದೇ ಮನೆ ಅನ್ನುವುದು ತಮಗೆ ಇರುವುದಿಲ್ಲ ಅಂತ ಮಾಲೀಕರಿಗೆ ಚೆನ್ನಾಗಿ ಗೊತ್ತು.

ನೇರವಾಗಿ ಆಗುವುದಿಲ್ಲ ಅಂತ ಹೇಳಿಬಿಡಿ ಅಂದೆ ನಾನು. ಅವರು ನನ್ನನ್ನೇ ಕನಿಕರದಿಂದ ನೋಡಿದರು. "ನೀವು ಅವಳ ಕ್ಲಾಸಿನಲ್ಲಿ ಕೂತವರಲ್ಲ ಮಾರಾಯ್ರೆ. ನಾನು ಎರಡು ವರ್ಷ ಕೂತಿದ್ದೇನೆ. ಸ್ವಂತ ತಮ್ಮನನ್ನು ಫೇಲ್ ಮಾಡಿದ್ದಾಳೆ."

ಡಬ್ಬಗಳು

ಅಷ್ಟರಲ್ಲಿ ಡಬ್ಬಗಳು ಬರಲು ಶುರುವಾದವು. ಬಿಸಿಬೇಳೆಬಾತು, ಪುಳಿಯೋಗರೆ, ಉತ್ತರ ಕರ್ನಾಟಕದವರ ಮನೆಯಿಂದ ಎಣ್ಣೆಗಾಯಿ, ಮಂಗಳೂರಿನ ಕ್ಯಾಥೊಲಿಕ್ ಆಂಟಿಯೊಬ್ಬರಿಂದ ಸಣ್ಣಾಸು ಅನ್ನುವ ಅವರ ಇಡ್ಲಿ. ಕಾಯಿಲೆಯವರನ್ನು ನೋಡಲು ಬರಿಗೈಯಲ್ಲಿ ಹೋಗಬಾರದು ಅಂತ ಪ್ರತಿಯೊಬ್ಬರೂ ಜೊತೆಗೆ ಬಾಳೆಹಣ್ಣನ್ನೂ ತಂದರು. ದುಡ್ಡು ಎಂದಿನಂತೆ ಬರುತ್ತದಮ್ಮಾ ಅಂತ ಮಾಲೀಕರು ಬಾಗಿಲಲ್ಲೇ ಹೇಳುವರು. ಬಂದವರು ತಲೆ ಅಲ್ಲಾಡಿಸಿ, ಎಷ್ಟು ಧೈರ್ಯ ನೋಡಿ ಅಂಕಲ್‌ಗೆ ಅಂತ ಕಣ್ಣೊರೆಸಿಕೊಂಡು ಡಬ್ಬ ಇಟ್ಟು ಹೋಗುವರು.

ಫ್ರಿಜ್ಜು ತುಂಬಿತು. ಊಟದ ಮೇಜು ತುಂಬಿತು. ಆದರೆ ಮಾಲೀಕರನ್ನು ಕಾಡಿದ್ದು ತಿನ್ನುವ ಚಿಂತೆಯಲ್ಲ. ನಮ್ಮವರಲ್ಲಿ ಇನ್ನೊಬ್ಬರ ಮನೆಯ ಪಾತ್ರೆಯನ್ನು ಖಾಲಿ ವಾಪಸ್ ಕೊಡುವ ಪದ್ಧತಿ ಇಲ್ಲವಲ್ಲ. ಕಡೇಪಕ್ಷ ನಾಲ್ಕು ಕಾಳು ಸಕ್ಕರೆಯಾದರೂ ಇರಬೇಕು. ಅದರಲ್ಲೂ ಜೀವಮಾನವೆಲ್ಲ ಊರಿಗೆ ಊಟ ಹಾಕಿದವರು ಸಕ್ಕರೆ ಹಾಕಿ ಕೊಡುತ್ತಾರೆಯೇ?

"ಪಾಪ ಅಂತ ತಂದದ್ದು ಇವರು," ಅಂದರು. "ಈಗ ನಾನು ಅಷ್ಟೂ ಮನೆಗೆ ತಿಂಡಿ ಮಾಡಿ ಕಳಿಸ್ಬೇಕು. ಹೋಟೆಲು ಇದ್ದಾಗಲೂ ಇಷ್ಟು ಪಾರ್ಸೆಲ್ ಹೋಗ್ತಾ ಇರಲಿಲ್ಲ."

ಕೌಂಟರಿನಲ್ಲಿ

ಅಕ್ಕನಿಗೆ ಬೇಕಾದ ಕಾಗದ ತರಲು ನಾನೇ ಡ್ರೈವ್ ಮಾಡಿಕೊಂಡು ಮಾಲೀಕರನ್ನು ಬೆನಿಫಿಟ್ ಆಫೀಸಿಗೆ ಕರೆದೊಯ್ದೆ. ಸರ್ಕಾರ ಬಾಗಿಲು ಹಾಕಿದ್ದರೂ ಆಫೀಸಿನ ಬಾಗಿಲು ತೆರೆದೇ ಇತ್ತು. ಕೌಂಟರಿನ ಹೆಣ್ಣುಮಗಳು ಸ್ಕ್ರೀನ್ ನೋಡಿ, ನಿಮ್ಮ ದುಡ್ಡು ಯಾವತ್ತಿನ ಹಾಗೆ ಬುಧವಾರವೇ ಬರುತ್ತದೆ, ಚಿಂತೆ ಮಾಡಬೇಡಿ ಅಂದಳು. ಅದನ್ನೇ ಒಂದು ಕಾಗದದಲ್ಲಿ ಕೊಡಿ, ನನ್ನ ಅಕ್ಕ ಹೆಡ್‌ಮಿಸ್ಟ್ರೆಸ್ಸು ಅಂದರು ಮಾಲೀಕರು. ಆಕೆ ಬಹಳ ಬೇಜಾರು ಪಟ್ಟುಕೊಂಡು, ಆ ಥರದ ಕಾಗದ ಕೊಡುವ ಕೆಲಸವನ್ನು ಸದ್ಯಕ್ಕೆ ನಿಲ್ಲಿಸಿದ್ದೇವೆ, ಬಾಗಿಲು ತೆರೆದ ಮೇಲೆ ಬನ್ನಿ ಅಂದಳು.

ಮಾಲೀಕರು ಅಷ್ಟಕ್ಕೇ ಏಳಬಾರದೇ? ನಿಮಗೆ ಸಂಬಳ ಬರ್ತದಾ ಅಂತ ಕೇಳಿದರು. ಆಕೆ ನಕ್ಕು, ಅದೂ ಬಾಗಿಲು ತೆರೆದ ಮೇಲೆಯೇ ಅಂದಳು. ಇವರು ಕೂಡಲೇ ವಾಕರಿಗೆ ಕಟ್ಟಿದ ಚೀಲದಿಂದ ಚಕ್ಕುಲಿ ತೆಗೆದು ಗಾಜಿನ ಕೆಳಗೆ ನೂಕಿದರು. ಕೊಟ್ಟದ್ದನ್ನು ತೆಗೆದುಕೊಳ್ಳುವ ಹಾಗಿಲ್ಲ ಅಂತ ಆಕೆ ವಾಪಸ್ ನೂಕಿದಳು. ಬಾಗಿಲಲ್ಲಿ ನಿಂತ ಗಾರ್ಡು ಮಾತ್ರ ನಾವು ಹೊರಗೆ ಬರುವಾಗ, ಅದನ್ನು ಯಾವ ಹಿಟ್ಟಿನಲ್ಲಿ ಮಾಡುತ್ತಾರೆ ಅಂತ ಬಹಳ ಆಸೆಯಿಂದ ವಿಚಾರಿಸಿದ.

ಕಾರಿನಲ್ಲಿ ಕೂತ ಮೇಲೆ ಮಾಲೀಕರು ಒಂದು ಚಕ್ಕುಲಿ ಮುರಿದರು. "ದುಡ್ಡು ಬರ್ತದೆ. ಬರ್ತದೆ ಅಂತ ಹೇಳುವ ಕಾಗದ ಬರುದಿಲ್ಲ. ಹೇಳುವವಳಿಗೆ ಸಂಬಳ ಬರುದಿಲ್ಲ. ಇಡೀ ಸರ್ಕಾರದಲ್ಲಿ ಸರಿಯಾಗಿ ನಡೀತಾ ಇರುವವ ನಾನೊಬ್ಬ, ನನ್ನನ್ನೇ ಅಕ್ಕ ಮುಚ್ಚುದು."

ಬನ್ಸಿನ ಬುಧವಾರ

ಅಷ್ಟೊಂದು ಬಾಳೆಹಣ್ಣು ಸಿಪ್ಪೆ ಕಪ್ಪಾಗಿ ಕೂತಿತ್ತಲ್ಲ, ಡಬ್ಬಗಳಿಗೆ ಮಂಗಳೂರು ಬನ್ಸ್ ತುಂಬುವುದು ಅಂತ ತೀರ್ಮಾನವಾಯಿತು. ಹಣ್ಣು ಕಿವುಚಿ ಮೈದಾ ಕಲಸಿಡುವ ಕೆಲಸ ಹಿಂದಿನ ದಿನವೇ ನನ್ನ ಪಾಲಿಗೆ ಬಂತು. ಎಂಜಿನಿಯರಿಂಗ್ ಓದಿದ ಕೈ ಅಂತ ನಾನು ಸ್ವಲ್ಪ ಜಂಬ ಪಟ್ಟೆ. ಹಿಟ್ಟು ನೋಡಿ ಮಾಲೀಕರು, ಇದರಲ್ಲಿ ಸೇತುವೆ ಕಟ್ಟಬಹುದು, ಇನ್ನೆರಡು ಹಣ್ಣು ಹಾಕಿ ಅಂದರು.

ಬುಧವಾರ ಬೆಳಿಗ್ಗೆ ಅವರ ಫೋನು ಟಿಂಗ್ ಅಂತು. ದುಡ್ಡು ಬಂದಿತ್ತು. ಅದರ ಚಿತ್ರ ತೆಗೆದು ಅಕ್ಕನಿಗೆ ಕಳಿಸಿದರೆ, ಇಂಥ ಚಿತ್ರ ಯಾರು ಬೇಕಾದರೂ ಮಾಡುತ್ತಾರೆ, ನಾನು ಹೊರಟಾಯಿತು ಅಂತ ಉತ್ತರ. ಸರಿ, ಬರುವವರು ಬರಲಿ ಅಂತ ಮಾಲೀಕರು ಎಲ್ಲರಿಗೂ ನಿಮ್ಮ ನಿಮ್ಮ ಡಬ್ಬ ತೆಗೆದುಕೊಂಡು ಹೋಗಿ ಅಂತ ಹೇಳಿ ಕಳಿಸಿ, ಅಡುಗೆಮನೆ ನಡುವೆ ಕುರ್ಚಿ ಹಾಕಿಸಿಕೊಂಡು ಎಡಗೈಯಲ್ಲಿ ಜಾಲರಿ ಸೌಟು ಹಿಡಿದು ಕೂತರು. ಬಂದವರೆಲ್ಲ ಸಿಕ್ಕಿಬಿದ್ದರು. ಒಬ್ಬರಿಗೆ ಉಂಡೆ ಮಾಡುವ ಕೆಲಸ, ಒಬ್ಬರಿಗೆ ಲಟ್ಟಿಸುವ ಕೆಲಸ. ಹೋಟೆಲ್ ನಡೆಸಿದವರಿಗೆ ಕೈ ಯಾಕೆ ಬೇಕು ಹೇಳಿ.

ಐಟಿಯಲ್ಲಿರುವ ಒಬ್ಬ ಹುಡುಗ, ಹೆಂಡತಿಯ ಡಬ್ಬಕ್ಕೆ ಬಂದವನು, ಕಿವಿಗೆ ಮೀಟಿಂಗ್ ಸಿಕ್ಕಿಸಿಕೊಂಡೇ ಬಂದಿದ್ದ. ಅವನನ್ನು ಬಾಣಲೆ ಮುಂದೆ ನಿಲ್ಲಿಸಿದರು. ಫೋನು ಮ್ಯೂಟಿನಲ್ಲಿದೆ ಅಂತ ಅವನು ತಿಳಿದಿದ್ದ, ಇರಲಿಲ್ಲ. ಮಾಲೀಕರು ಒಂದೇ ಸಮನೆ, ಮಗುಚಿ ಹಾಕು ಮಾರಾಯ, ಈಗ, ಈಗಲೇ, ಕರಟಿತು ನೋಡು, ನಿನಗೆ ಸಂಬಳ ಯಾರು ಕೊಡ್ತಾರೆ ಅಂತ ಗದರಿಸುತ್ತಿದ್ದರು. ಆ ಕಡೆ ಮೀಟಿಂಗೇ ನಿಂತುಹೋಯಿತಂತೆ. ಕೊನೆಗೆ ಅವನ ಅಮೆರಿಕನ್ ಮ್ಯಾನೇಜರು, "ಹೂ ಈಸ್ ದಟ್? ಹಿ ನೋಸ್ ವಾಟ್ ಹಿ ವಾಂಟ್ಸ್," ಅಂತ ಮೆಚ್ಚಿಕೊಂಡರಂತೆ.

ಫೋರ್ಟ್ ಲೀಯಿಂದ ಬಂದ ಗಾಡಿ

ಮನೆ ತುಂಬ ಜನ, ಎಣ್ಣೆಯ ಘಮಘಮ, ನಗು. ಅದರ ಮಧ್ಯಕ್ಕೆ ಅಕ್ಕ ಬಂದು ನಿಂತರು. ಹಿಂದೆ, ಎರಡು ದೊಡ್ಡ ಸೂಟ್‌ಕೇಸ್ ಹಿಡಿದು, ಗಾಡಿ ಓಡಿಸಿಕೊಂಡು ಬಂದ ಅಳಿಯ. ಈ ಅಳಿಯ ಕೇಂದ್ರ ಸರ್ಕಾರದಲ್ಲಿ ಎಂಜಿನಿಯರು.

ಅಕ್ಕ ಎಲ್ಲರಿಗೂ ಕೇಳುವ ಹಾಗೆ ಶುರು ಮಾಡಿದರು. "ಸಾಕು ಇದೆಲ್ಲ. ಈ ದೇಶದಲ್ಲಿ ಕೂತು ತಿನ್ನುವವರ ದುಡ್ಡು ಮೊದಲು ನಿಲ್ಲಿಸ್ತಾರೆ. ನಮ್ಮ ಅಳಿಯಂದು ಹಾಗಲ್ಲ, ಪರ್ಮನೆಂಟ್ ಪೋಸ್ಟು. ಅವನ ಸಂಬಳದಲ್ಲಿ ನಿನಗೊಂದು ಹೊತ್ತು ಗಂಜಿ ಹಾಕುದು ಕಷ್ಟವಾ?"

ಅಷ್ಟರೊಳಗೆ ಅಳಿಯನ ಬಾಯಿ ತುಂಬ ಬನ್ಸ್ ಇತ್ತು. ಮೊದಲಿನದು ಮುಗಿಸಿ, ಎರಡನೆಯದು ಮುಗಿಸಿ, ಮೂರನೆಯದನ್ನು ಕೈಯಲ್ಲಿ ಹಿಡಿದುಕೊಂಡು ಮೆಲ್ಲಗೆ ಮಾಲೀಕರ ಕುರ್ಚಿ ಪಕ್ಕ ಕುಕ್ಕರಗಾಲಲ್ಲಿ ಕೂತ. "ಮಾವ, ನಿಮ್ಮದು ಬಂತಾ?"

"ಬೆಳಿಗ್ಗೆಯೇ ಬಂತು."

"ನಂದು ಬಂದಿಲ್ಲ ಮಾವ."

ಅಡುಗೆಮನೆಯಲ್ಲಿ ಲಟ್ಟಣಿಗೆಗಳು ನಿಂತವು. ಪಾಪ, ಅವನು ಅಷ್ಟು ದಿನದಿಂದ ಅತ್ತೆಗೆ ಗೊತ್ತಾಗಬಾರದು ಅಂತ ಬೆಡ್‌ರೂಮಿನ ಬಾಗಿಲು ಹಾಕಿಕೊಂಡು, ವರ್ಕ್ ಫ್ರಮ್ ಹೋಮ್ ಅಂತ ಸುಳ್ಳು ಹೇಳಿ, ಒಳಗೆ ಸುಮ್ಮನೆ ಕೂತಿದ್ದನಂತೆ. ಬಾಗಿಲು ತೆರೆದ ಮೇಲೆ ಬಾಕಿ ಸಂಬಳ ಕೊಡುತ್ತಾರಂತೆ, ಯಾವಾಗ ತೆರೆಯುತ್ತದೋ ಗೊತ್ತಿಲ್ಲವಂತೆ. ನಿಮ್ಮದೇ ವಾಸಿ ಮಾವ ಅಂದ.

"ಬೇಕಾದರೆ ನೀನೂ ಸೇರು," ಅಂದರು ಮಾಲೀಕರು. "ಆದರೆ ಅರ್ಧ ಮೈ ಠೇವಣಿ ಇಡ್ಬೇಕು."

ಎಲ್ಲರೂ ನಕ್ಕರು. ಅಕ್ಕ ನಗಲಿಲ್ಲ. ಅಳಿಯ ಅತ್ತೆಯ ಮುಖ ನೋಡಿದ, ಬಾಣಲೆ ನೋಡಿದ, ಕೊನೆಗೆ ಬಹಳ ಸಣ್ಣ ದನಿಯಲ್ಲಿ, ಮಾವ, ಎರಡು ದಿನ ಇಲ್ಲೇ ಇರಲಾ, ಮನೆಯಲ್ಲಿ ಮೂರು ಹೊತ್ತೂ ಗಂಜಿ ಅಂತ ಕೇಳಿದ. ಇರು, ಸೂಟ್‌ಕೇಸ್ ಹೇಗೂ ತಂದಿದ್ದೀಯಲ್ಲ ಅಂದರು ಮಾಲೀಕರು.

ಅಕ್ಕ ತಿರುಗಿ ನೋಡುವಷ್ಟರಲ್ಲಿ ಮಗಳ ಗಂಡ ಉಂಡೆ ಮಾಡಲು ಕೂತಾಗಿತ್ತು, ಕರೆದೊಯ್ಯಬೇಕಾಗಿದ್ದ ತಮ್ಮ ಅವನಿಗೆ ಹಿಟ್ಟು ತೋರಿಸಿಕೊಡುತ್ತಿದ್ದರು. ಕೊನೆಗೆ ಅಕ್ಕ ಸೆರಗು ಸರಿ ಮಾಡಿಕೊಂಡು, ತಮ್ಮನಿಗೆ ಒಂದೇ ಮಾತು ಹೇಳಿದರು. "ನೀನು ಇಲ್ಲೇ ಇರು. ಇವನನ್ನು ಸ್ವಲ್ಪ ನೋಡಿಕೋ."

ಮಾಲೀಕರು ಸೌಟು ಕೆಳಗಿಟ್ಟು, ಎಡಗೈಯಿಂದ ಕಣ್ಣೊರೆಸಿಕೊಂಡರು. ಎಣ್ಣೆ ಹೊಗೆ ಅಂದರು.

ಈಗ ಅಕ್ಕನನ್ನು ವಾಪಸ್ ಬಿಡುವವರು ಯಾರು? ಇನ್ನು ಯಾರು, ನಾನೇ. ಟರ್ನ್‌ಪೈಕ್ ಅನ್ನುವ ಟೋಲ್ ರಸ್ತೆ ಹಿಡಿದು ಸೀಕಾಕಸ್ ಊರು ದಾಟಿದೆವು. ಆಮೇಲೆ ಅಕ್ಕ, ನಿಮಗೂ ಸರ್ಕಾರದ ಪೆನ್ಶನ್ ಅಲ್ಲವಾ, ಬಾಗಿಲು ಹಾಕಿದರೂ ಬರ್ತದಾ ಅಂತ ಕೇಳಿದರು. ಇಷ್ಟು ದಿನದಲ್ಲಿ ನನ್ನ ಹತ್ತಿರ ಇದನ್ನು ಕೇಳಿದವರು ಅವರೊಬ್ಬರೇ. ನಾನು ಖುಷಿಯಲ್ಲಿ ಕಾನೂನು ಹುಟ್ಟಿದ ಕಾಲದಿಂದ ಹಿಡಿದು ಫೋರ್ಟ್ ಲೀ ಬರುವವರೆಗೂ ಬಿಡಿಸಿ ಬಿಡಿಸಿ ಹೇಳಿದೆ. ಒಂದಕ್ಷರ ಬಿಡದೆ ಕೇಳಿದರು. ಒಳ್ಳೆ ವಿದ್ಯಾರ್ಥಿ ಸಿಕ್ಕರು ಅಂತ ನನಗೆ ಹೆಮ್ಮೆ.

ಮನೆ ಮುಂದೆ ಇಳಿದವರು ಪರ್ಸ್ ತೆರೆದರು, ಯೋಚಿಸಿದರು, ಮುಚ್ಚಿದರು.

"ಗ್ಯಾಸಿಗೂ ಟೋಲಿಗೂ ಕೊಡುವ ಅಂತ ಇದ್ದೆ," ಅಂದರು. "ಆದರೆ ನಮ್ಮದು ಈಗ ಮಗಳ ಒಂದೇ ಸಂಬಳದ ಮನೆ. ನಿಮ್ಮದು ನಿಲ್ಲುದಿಲ್ಲವಲ್ಲ."